ಕರೆಂಟಿಲ್ಲದ ಪಂಪಿನ ವಿಡಿಯೊ: ಅಪ್ಪನಿಗೆ ಏನು ಹೇಳಲಿ?

ಬಸಿಗಾಲುವೆ_ಪಕ್ಕ (ಶ್ರೀರಂಗಪಟ್ಟಣ):

ಅಪ್ಪನಿಗೆ ಎಂಜಿನಿಯರಿಂಗ್ ವಿಡಿಯೊ ನೋಡುವ ಚಟ ಹತ್ತಿಸಿದ್ದು ನಾನೇ. ನನಗೆ ಮೈಸೂರಿನ ಹೆಬ್ಬಾಳದಲ್ಲಿ ಕೆಲಸ, ಅವರು ಊರಲ್ಲಿ. ರಾತ್ರಿ ನಾನೊಂದು ವಿಡಿಯೊ ಕಳಿಸುತ್ತೇನೆ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದು ನೋಡಿ ಫೋನ್ ಮಾಡುತ್ತಾರೆ. ಇಂಗ್ಲಿಷ್ ಮಾತು ಅವರಿಗೆ ಬೇಕಾಗಿಲ್ಲ. ಸೌಂಡ್ ತೆಗೆದು ಕೈ ಮಾತ್ರ ನೋಡುತ್ತಾರೆ. "ಅವ್ನು ಸ್ಪ್ಯಾನರ್ ಹಿಡಿಯೋ ರೀತಿ ನೋಡಿದ್ರೇ ಗೊತ್ತಾಗುತ್ತೆ ಕಣೋ, ಕೆಲಸಗಾರ ಅಂತ" ಅನ್ನುತ್ತಾರೆ.

ಈಗ ಅವರೇ ನನಗೆ ಒಂದು ಕಳಿಸಿದ್ದಾರೆ. 20 ಲೀಟರ್ ನೀರಿನ ಕ್ಯಾನು, ನಾಲ್ಕು ಪಿವಿಸಿ ಎಲ್ಬೋ, ಒಂದು ನಲ್ಲಿ. ಬಾವಿಗೆ ಪೈಪ್ ಇಳಿಬಿಟ್ಟು ನಲ್ಲಿ ತಿರುಗಿಸಿದರೆ ಸಾಕು, ಮೋಟಾರಿಲ್ಲದೆ ನೀರು ಧೋ ಅಂತ ಸುರಿಯುತ್ತದೆ. ಅಪ್ಪ ಆಗಲೇ 1,850 ರೂಪಾಯಿ ಸಾಮಾನು ತಂದು ಜಗಲಿ ಮೇಲೆ ಇಟ್ಟಿದ್ದಾರೆ. ಸುಳ್ಳು ಅಂದರೆ, "ನೀನು ಕಳಿಸಿದ್ದೆಲ್ಲ ನಿಜ, ನಾನು ಕಳಿಸಿದ್ದು ಮಾತ್ರ ಸುಳ್ಳಾ?" ಅಂತ ಕೇಳುತ್ತಾರೆ.

ಇನ್ನೊಂದು ವಿಡಿಯೊ ನನಗೇ ಸಿಕ್ಕಿದ್ದು. ಹಳ್ಳದಲ್ಲಿ ಕಬ್ಬಿಣದ ಪೈಪು, ಅದರ ತುದಿಯಲ್ಲಿ ಒಂದು ವಾಲ್ವ್ ಟಕ್ ಟಕ್ ಅಂತ ಬಡಿದುಕೊಳ್ಳುತ್ತಾ ನೀರನ್ನು ದಿಬ್ಬದ ಮೇಲಕ್ಕೆ ಕಳಿಸುತ್ತದೆ. ಅದೂ ಕರೆಂಟಿಲ್ಲದೆ! ಎರಡರಲ್ಲಿ ಯಾವುದು ನಿಜ? ನಮ್ಮ ಬಾವಿಯಲ್ಲಿ ನೀರು 30 ಅಡಿ ಕೆಳಗಿದೆ. ಮನೆ ಹಿಂದಿನ ಬಸಿಗಾಲುವೆಯಲ್ಲಿ ಒಂದು ಕಡೆ ನೀರು ಮೂರಡಿ ಧುಮುಕುತ್ತದೆ.

ಲೇತ್_ಮನೆ (ಮೈಸೂರು):

ಕ್ಯಾನಿನದು ಸುಳ್ಳು. ಟಕ್ ಟಕ್ ಅನ್ನೋದು ನಿಜ, ಇನ್ನೂರು ವರ್ಷ ದಾಟಿದ ಯಂತ್ರ. ಹೈಡ್ರಾಲಿಕ್ ರಾಮ್ ಅಂತ ಹೆಸರು. ಬಿಸಿಗಾಳಿ ಬಲೂನು ಹಾರಿಸಿದ ಫ್ರಾನ್ಸಿನ ಮಾಂಟ್‌ಗಾಲ್ಫಿಯೇ ಸೋದರರಲ್ಲಿ ಜೋಸೆಫ್ ಅನ್ನುವವನು 1796ರಲ್ಲಿ ತಾನಾಗಿ ಓಡುವ ಹಾಗೆ ಮಾಡಿದ.

ಜೋರಾಗಿ ಬರುತ್ತಿರುವ ನಲ್ಲಿಯನ್ನು ಫಕ್ಕನೆ ನಿಲ್ಲಿಸಿದರೆ ಪೈಪು ಧಡ್ ಅನ್ನುತ್ತದಲ್ವಾ? ಇಡೀ ಪಂಪು ಆ ಏಟಿನ ಮೇಲೇ ನಿಂತಿದೆ. ಓಡುವ ನೀರು ವಾಲ್ವನ್ನು ತಾನೇ ಮುಚ್ಚಿಕೊಳ್ಳುತ್ತದೆ. ಒತ್ತಡ ಏರಿ ಸ್ವಲ್ಪ ನೀರು ಇನ್ನೊಂದು ವಾಲ್ವ್ ದಾಟಿ ಮೇಲಕ್ಕೆ ಹೋಗುತ್ತದೆ. ಒತ್ತಡ ಇಳಿದ ಕೂಡಲೇ ಮೊದಲನೆಯದು ಬಿಚ್ಚಿಕೊಳ್ಳುತ್ತದೆ, ನೀರು ಮತ್ತೆ ಓಡುತ್ತದೆ.

ಪುಕ್ಕಟೆ ಏನೂ ಇಲ್ಲ. ಮೂರಡಿ ಬಿದ್ದ ನೀರು 30 ಅಡಿ ಏರಬೇಕು ಅಂದರೆ, 100 ಲೀಟರಿಗೆ ಲೆಕ್ಕದಲ್ಲೇ ಹತ್ತು ಲೀಟರ್. ನಷ್ಟ ಕಳೆದು ಐದಾರು ಸಿಕ್ಕರೆ ಪುಣ್ಯ. ಮಿಕ್ಕಿದ್ದು ಕಾಲುವೆಯಲ್ಲೇ ಮುಂದೆ ಹೋಗುತ್ತದೆ. ನಿಮ್ಮ ಬಾವಿಯಲ್ಲಿ ನೀರು ಬೀಳೋಕೆ ಜಾಗ ಎಲ್ಲಿದೆ? ಎತ್ತುವ ಶಕ್ತಿ ಎಲ್ಲಿಂದ ಬಂತು ಅಂತ ಅಪ್ಪನನ್ನೇ ಕೇಳಿ. ಗಾಳಿಯ ಒತ್ತಡ ಒಂದರಿಂದಲೇ ನೀರು ಏರುವುದು ಸಮುದ್ರಮಟ್ಟದಲ್ಲೂ 10.3 ಮೀಟರಿಗೆ ಮುಗಿಯಿತು. ನಾವು ಇನ್ನೂ ಎತ್ತರದಲ್ಲಿದ್ದೇವೆ. 25 ಅಡಿ ದಾಟಿದರೆ ದಡದ ಮೇಲಿಟ್ಟ ಮೋಟಾರೂ ಏದುಸಿರು ಬಿಡುತ್ತದೆ.

ಕಬ್ಬಿನ_ಗದ್ದೆ (ಪಾಂಡವಪುರ):

ನಾನೂ ಅದೇ ಕ್ಯಾನಿಗೆ ಮೋಸ ಹೋದವನು, ಹಾಗಾಗಿ ನಗುವುದಿಲ್ಲ. ವಿಡಿಯೊ ಇನ್ನೊಂದು ಸಲ ನೋಡಿ. ನೀರು ಬರುವುದಕ್ಕೆ ಮುಂಚೆ ಒಂದು ಕಟ್ ಇರುತ್ತದೆ. ಆಮೇಲೆ ಕ್ಯಾನನ್ನು ಯಾರೂ ನೆಲದಿಂದ ಎತ್ತುವುದೇ ಇಲ್ಲ, ಯಾಕೆ ಅಂತ ನೀವೇ ಯೋಚಿಸಿ.

ಆದರೆ ಅಪ್ಪನ ಹತ್ತಿರ ವಾದ ಮಾಡಬೇಡಿ. ತಂದಿದ್ದಾರಲ್ಲ, ಜೋಡಿಸಲಿ. ರಾಮ್ ಮಾಡುವುದಾದರೆ ನೀರು ಇಳಿಯುವ ಪೈಪು ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ್ದೇ ಆಗಿರಲಿ. ರಬ್ಬರ್ ಪೈಪು ಹಾಕಿದರೆ ಉಬ್ಬಿ ಏಟನ್ನು ತಾನೇ ನುಂಗಿಬಿಡುತ್ತದೆ. ಬಸಿಗಾಲುವೆಗೆ ಕೈ ಹಾಕುವ ಮುಂಚೆ ನೀರಾವರಿಯವರನ್ನು ಒಂದು ಮಾತು ಕೇಳಿ, ಸುಮ್ನೆ ತಕರಾರು ಯಾಕೆ.

ಬಸಿಗಾಲುವೆ_ಪಕ್ಕ:

ಭಾನುವಾರ ಊರಿಗೆ ಹೋಗಿದ್ದೆ. ಮೊದಲು ಕ್ಯಾನನ್ನೇ ಕಟ್ಟಿದೆವು. ನೀರು ತುಂಬಿ ನಲ್ಲಿ ಬಿಟ್ಟರೆ, ಹೊರಗಿನ ಬಾಯಿ ಗಾಳಿ ಎಳೆದುಕೊಂಡು ಗೊಳಗೊಳ ಅಂದಿತು. ಕ್ಯಾನಿನಲ್ಲಿದ್ದ ನೀರೂ ಬಾವಿಗೇ ಹೋಯಿತು. ಅಪ್ಪ ಐದು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ, "ಆ ಟಕ್ ಟಕ್ ಇನ್ನೊಂದ್ಸಲ ಹಾಕು" ಅಂದರು. ನಾನು ಲೇತ್_ಮನೆಯವರು ಬರೆದದ್ದನ್ನು ಓದಿ ಹೇಳಿದೆ, ಅವರು ವಾಲ್ವ್ ಬಡಿಯುವ ಜಾಗವನ್ನೇ ಹಿಂದೆ ಮುಂದೆ ಎಳೆದು ನೋಡಿದರು.

ನೀರಾವರಿಯವರನ್ನು ಅವರೇ ಹೋಗಿ ಕೇಳಿ ಬಂದರಂತೆ. ಪಂಪಿನ ಪೈಪಿನ ಬುಡಕ್ಕೆ ಹಾಕುತ್ತಾರಲ್ಲ, ಆ ಫುಟ್‌ವಾಲ್ವ್ ಹಳೇ ಹಿತ್ತಾಳೆಯದು ಶೆಡ್ಡಿನಲ್ಲಿತ್ತು. ಅದನ್ನೇ ಟಕ್ ಟಕ್ ವಾಲ್ವಾಗಿ ತಲೆಕೆಳಗು ಮಾಡಿ ಕೂರಿಸಿದ್ದಾರೆ. ಈ ಉಪಾಯ ನನಗೆ ಹೊಳೆದಿರಲಿಲ್ಲ. ಹಳೇ ಬೋರಿನಿಂದ ಕಿತ್ತಿಟ್ಟಿದ್ದ 20 ಅಡಿ ಜಿಐ ಪೈಪು, ಒಳಗೆ ಗಾಳಿ ಹಿಡಿದಿಟ್ಟುಕೊಳ್ಳೋಕೆ ಬಾಯಿ ಮುಚ್ಚಿದ ಪಿವಿಸಿ ತುಂಡು. ಹೊಸದಾಗಿ ತಂದಿದ್ದು ಮೇಲೆ ಹೋದ ನೀರು ವಾಪಸ್ ಬಾರದ ಹಾಗೆ ತಡೆಯುವ ಒಂದು ಎನ್‌ಆರ್‌ವಿ (ನಾನ್ ರಿಟರ್ನ್ ವಾಲ್ವ್) ಮಾತ್ರ. ಮೊದಲ ದಿನ ನಾಲ್ಕು ಬಡಿತಕ್ಕೆ ನಿಂತುಹೋಗುತ್ತಿತ್ತು. ವಾಲ್ವಿನ ಮೇಲೆ ಎರಡು ವಾಷರ್ ಭಾರ ಹೇರಿದ ಮೇಲೆ ಹಿಡಿಯಿತು.

ಈಗ ಹತ್ತಡಿ ಮೇಲಿನ ದನದ ತೊಟ್ಟಿಗೆ ನೀರು ಹೋಗುತ್ತಿದೆ. ನಾಲ್ಕು ನಿಮಿಷಕ್ಕೆ ಒಂದು ಬಕೆಟ್. ಅಮ್ಮನಿಗೆ ಮಾತ್ರ ರಾತ್ರಿಯೆಲ್ಲ ಆ ಸದ್ದು ಕೇಳಿ ನಿದ್ದೆ ಇಲ್ಲ.

ಅಪ್ಪ ಅದರ ವಿಡಿಯೊ ತೆಗೆದು ಮನೆಯವರ ಗ್ರೂಪಿಗೆ ಹಾಕಿದರು, ಅರ್ಧ ಹೆಬ್ಬೆರಳು ಅಡ್ಡ ಇಟ್ಟುಕೊಂಡು. ಮೊದಲ ಉತ್ತರ ಚಿಕ್ಕಪ್ಪನದು: "ಅಣ್ಣಾ, ಮೋಟಾರ್ ಎಲ್ಲಿ ಬಚ್ಚಿಟ್ಟಿದ್ದೀಯ?"