ಅಪ್‌ಡೇಟ್: ಕೊಪ್ಪಳದಲ್ಲಿದ್ದುಕೊಂಡು ರಜೆ ದಿನ ಸುತ್ತಾಡುವುದು

ಕೆಲಸದ ಮೇಲೆ ಕೆಲವು ತಿಂಗಳು ಕೊಪ್ಪಳದಲ್ಲಿದ್ದೇನೆ, ಹಂಪಿ ಬಿಟ್ಟು ಶನಿವಾರ, ಭಾನುವಾರ ಏನು ನೋಡಬಹುದು ಅಂತ ಕೇಳಿದ್ದೆ ಅಲ್ವಾ?

'ಕುಕನೂರು, ಇಟಗಿ ಒಟ್ಟಿಗೆ ಮುಗಿಸಿ' ಅಂದವರಿಗೆ ತುಂಬಾ ಥ್ಯಾಂಕ್ಸ್. ಅದೇ ಸರಿಹೋಯಿತು. ಬೆಳಿಗ್ಗೆ ಕುಕನೂರಿನ ನವಲಿಂಗ ದೇವಸ್ಥಾನ, ಆಮೇಲೆ ಇಟಗಿ. ಅಲ್ಲಿನ ಮಹಾದೇವ ದೇವಾಲಯವನ್ನು 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಕಂಬಗಳ ನುಣುಪು, ಬಳೆ ಜೋಡಿಸಿದಂಥ ಸುತ್ತುಗೆರೆಗಳು! ಶಾಸನದಲ್ಲಿ ಇದನ್ನು 'ದೇವಾಲಯ ಚಕ್ರವರ್ತಿ' ಅಂತ ಹೊಗಳಿದ್ದಾರೆ, ನೋಡಿದರೆ ಜಾಸ್ತಿ ಹೇಳಿದ್ದಾರೆ ಅನ್ನಿಸುವುದಿಲ್ಲ.

ಭಾನುವಾರ ಮಧ್ಯಾಹ್ನ ಅಂಜನಾದ್ರಿ ಸಲಹೆ ಮಾತ್ರ ಆಗಿಬರಲಿಲ್ಲ. ಐನೂರಕ್ಕೂ ಹೆಚ್ಚು ಮೆಟ್ಟಿಲು, ಸುಡುಬಿಸಿಲು, ವಿಪರೀತ ಜನ. ಬೆಳಗಾಗುತ್ತಲೇ ಹತ್ತಿ.

ಇನ್ನೊಂದು ಆಶ್ಚರ್ಯ: ಅಶೋಕನ ಶಾಸನ ಕೊಪ್ಪಳದಲ್ಲೇ, ಗವಿಮಠದ ಬೆಟ್ಟದ ಬಂಡೆ ಮೇಲಿದೆ. ಅದಕ್ಕೆ ರಜೆಯೇ ಬೇಕಿಲ್ಲ, ಸಂಜೆ ಸುಮ್ನೆ ನಡೆದು ಹೋಗಿ ಬರಬಹುದು. ಮುಂದಿನ ವಾರ ಹಿರೇಬೆಣಕಲ್‌ನ ಕಲ್ಲುಮನೆಗಳಿಗೆ (ಕಲ್ಲು ಚಪ್ಪಡಿ ನಿಲ್ಲಿಸಿ ಕಟ್ಟಿದ ಪುರಾತನ ಸಮಾಧಿಗಳು) ಹೊರಟಿದ್ದೇನೆ.