ಪ್ರಶ್ನೋತ್ತರ: ಕೈಯಲ್ಲಿ ಓಡುತ್ತದೆ, ಕ್ರಾನ್‌ನಲ್ಲಿ ಓಡಲ್ಲ

ಅಡ್ಮಿನ್: ಇವತ್ತು ಸಂಜೆ ನಮ್ಮ ಬೆಂಗಳೂರು ಗುಂಪಿನಲ್ಲಿ ಬಿಲ್ಡ್ ಮತ್ತು ಸರ್ವರ್ ಕೆಲಸ ನೋಡಿಕೊಳ್ಳುವ ಇಂಜಿನಿಯರ್ ಮೇಡಂ ಇದ್ದಾರೆ. ವಿಷಯ: ಪ್ರಾಜೆಕ್ಟ್‌ನ ಎನ್ವಿರಾನ್‌ಮೆಂಟ್ (ಆ ಪ್ರಾಜೆಕ್ಟ್‌ಗೆ ಮಾತ್ರ ಪ್ರತ್ಯೇಕವಾಗಿ ಪ್ಯಾಕೇಜ್‌ಗಳನ್ನು ಇಡುವ ಜಾಗ) ಒಳಗೆ ಕಮಾಂಡ್ ಓಡಿಸುವುದು. ಪೈಥಾನ್‌ನ ವೆನ್ವ್, ಪೊಯೆಟ್ರಿ, ಯುವಿ, ನೋಡ್‌ನ ಎನ್‌ಪಿಎಕ್ಸ್, ರೂಬಿಯ ಬಂಡಲ್ ಎಕ್ಸೆಕ್ ಯಾವುದಾದರೂ ಸರಿ. ಎರರ್ ಪೂರ್ತಿ ಹಾಕಿ. ಸ್ಕ್ರೀನ್‌ಶಾಟ್ ಬೇಡ, ಟೆಕ್ಸ್ಟ್ ಹಾಕಿ.

ಬನಶಂಕರಿ ಫ್ರೆಶರ್: ಮೇಡಂ ನಮಸ್ಕಾರ. ಪೊಯೆಟ್ರಿ ಶೆಲ್ ಅಂತ ಹೊಡೆದರೆ ಆ ಕಮಾಂಡೇ ಇಲ್ಲ ಅನ್ನುತ್ತದೆ. ಯೂಟ್ಯೂಬ್ ವಿಡಿಯೊದಲ್ಲಿ ಅವರಿಗೆ ಬರುತ್ತಿದೆ.

ಇಂಜಿನಿಯರ್: ನಮಸ್ಕಾರ. ವಿಡಿಯೊ ಹಳೆಯದು. 2025ರ ಜನವರಿಯಲ್ಲಿ ಬಂದ ಪೊಯೆಟ್ರಿ 2.0ದಲ್ಲಿ ಶೆಲ್ ಕಮಾಂಡನ್ನು ತೆಗೆದು ಪ್ಲಗಿನ್ ಮಾಡಿದರು. ನಿಮಗೆ ಅದು ಬೇಕಾಗಿಯೂ ಇಲ್ಲ. 'ಪೊಯೆಟ್ರಿ ರನ್ ಪೈಥಾನ್' ಅಂತ ಹೊಡೆದು ಮುಂದೆ ಫೈಲ್ ಹೆಸರು ಕೊಡಿ. ಆಕ್ಟಿವೇಟ್ ಮಾಡಲೇಬೇಕು ಅಂದರೆ 'ಪೊಯೆಟ್ರಿ ಎನ್ವ್ ಆಕ್ಟಿವೇಟ್' ಇದೆ. ಅದು ತಾನಾಗಿ ಆಕ್ಟಿವೇಟ್ ಮಾಡುವುದಿಲ್ಲ, ಯಾವ ಲೈನ್ ಓಡಿಸಬೇಕು ಅಂತ ತೋರಿಸುತ್ತದೆ ಅಷ್ಟೆ. ಓಡಿಸುವುದು ನೀವು.

ವೈಟ್‌ಫೀಲ್ಡ್ ವಿಂಡೋಸ್: ಪವರ್‌ಶೆಲ್‌ನಲ್ಲಿ ಆಕ್ಟಿವೇಟ್ ಮಾಡಲು ಹೋದರೆ 'ಸ್ಕ್ರಿಪ್ಟ್ ಓಡಿಸಲು ಅನುಮತಿ ಇಲ್ಲ' ಅಂತ ಬರುತ್ತದೆ. ಎಕ್ಸಿಕ್ಯೂಷನ್ ಪಾಲಿಸಿಯನ್ನು (ಯಾವ ಸ್ಕ್ರಿಪ್ಟ್ ಓಡಬಹುದು ಎಂಬ ಸೆಟ್ಟಿಂಗ್) ಅನ್‌ರಿಸ್ಟ್ರಿಕ್ಟೆಡ್ ಮಾಡು ಅಂತ ಆಫೀಸ್ ಗ್ರೂಪ್‌ನಲ್ಲಿ ಯಾರೋ ಹಾಕಿದ್ದಾರೆ.

ಇಂಜಿನಿಯರ್: ಬೇಡ. ಆಕ್ಟಿವೇಟ್ ಮಾಡುವ ಅಗತ್ಯವೇ ಇಲ್ಲ. ವೆನ್ವ್ ಫೋಲ್ಡರ್ ಒಳಗಿನ ಸ್ಕ್ರಿಪ್ಟ್ಸ್‌ನಲ್ಲಿ ಪೈಥಾನ್.ಎಕ್ಸ್‌ಇ ಇರುತ್ತದೆ. ಅದನ್ನೇ ನೇರವಾಗಿ ಕರೆಯಿರಿ. ಆಕ್ಟಿವೇಟ್ ಅನ್ನುವುದು ಮುಖ್ಯವಾಗಿ ಮಾಡುವುದು ಒಂದೇ ಕೆಲಸ: ಆ ಫೋಲ್ಡರ್ ಅನ್ನು ಪಾತ್‌ನಲ್ಲಿ (ಕಮಾಂಡ್ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಮೊದಲಿಗೆ ಇಡುತ್ತದೆ. ಅದಕ್ಕೋಸ್ಕರ ಇಡೀ ಮಷೀನ್‌ನ ಬೀಗ ತೆಗೆಯಬೇಡಿ.

ಪೀಣ್ಯ ವರ್ಕ್‌ಶಾಪ್: ಮೇಡಂ, ನಾನು ಇಂಜಿನಿಯರ್ ಅಲ್ಲ, ಕಲಿತುಕೊಂಡು ಮಾಡಿದ್ದು. ನಮ್ಮ ಸಿಎನ್‌ಸಿ ಮಷೀನ್‌ಗಳ ದಿನದ ಲೆಕ್ಕ ಬೆಳಗ್ಗೆ 6ಕ್ಕೆ ಓನರ್‌ಗೆ ಮೇಲ್ ಹೋಗಬೇಕು. ಉಬುಂಟು 24.04, ಪೊಯೆಟ್ರಿ. ನಾನು ಕೂತು ಓಡಿಸಿದರೆ ಸರಿಯಾಗಿ ಹೋಗುತ್ತದೆ. ಕ್ರಾನ್‌ನಲ್ಲಿ (ನಿಗದಿತ ಸಮಯಕ್ಕೆ ಕಮಾಂಡನ್ನು ತಾನಾಗಿ ಓಡಿಸುವ ವ್ಯವಸ್ಥೆ) ಹಾಕಿದರೆ ಪಾಂಡಾಸ್ ಎಂಬ ಮಾಡ್ಯೂಲ್ ಇಲ್ಲ ಅಂತ ಎರರ್. ಅದೇ ಕಮಾಂಡ್, ಅದೇ ಫೋಲ್ಡರ್.

ವಿಜಯನಗರ ಟೆಕ್ಕಿ: ಸಿಂಪಲ್ ಬ್ರದರ್. ಸುಡೊ ಪಿಪ್ ಇನ್‌ಸ್ಟಾಲ್ ಪಾಂಡಾಸ್, ಕೊನೆಯಲ್ಲಿ --ಬ್ರೇಕ್-ಸಿಸ್ಟಮ್-ಪ್ಯಾಕೇಜಸ್. 100% ವರ್ಕಿಂಗ್. ಫಾರ್ವರ್ಡೆಡ್ ಆಸ್ ರಿಸೀವ್ಡ್.

ಇಂಜಿನಿಯರ್: ಪೀಣ್ಯದವರೇ, ಅದನ್ನು ಮಾಡಬೇಡಿ. ಪಿಪ್ ಪೈಥಾನ್ ಪ್ಯಾಕೇಜ್ ಹಾಕುವ ಕಮಾಂಡ್. ಸುಡೊ ಅಂದರೆ ರೂಟ್ ಹೆಸರಿನಲ್ಲಿ ಓಡಿಸುವುದು, ರೂಟ್ ಅಂದರೆ ಮಷೀನ್‌ನ ಮುಖ್ಯ ಅಡ್ಮಿನ್ ಯೂಸರ್. ಎರಡು ವಿಷಯ ಹೇಳಿ. ಕ್ರಾನ್ ಹಾಕಿದ್ದು ನಿಮ್ಮ ಲಾಗಿನ್‌ನಿಂದಲಾ ಅಥವಾ ಸುಡೊ ಹಾಕಿದಿರಾ? ಕ್ರಾನ್ ಓಡಿದ ಮೊದಲ ದಿನದ ಲಾಗ್‌ನಲ್ಲಿ 'ಕ್ರಿಯೇಟಿಂಗ್ ವರ್ಚುವಲೆನ್ವ್' ಅಂತ ಲೈನ್ ಇದೆಯಾ?

ಕೋರಮಂಗಲ ಫ್ರಂಟೆಂಡ್: ಎನ್‌ಪಿಎಕ್ಸ್ ಮತ್ತು ಯುವಿಎಕ್ಸ್ ಎರಡೂ ಒಂದೇ ಅಲ್ವಾ? ಯುವಿಎಕ್ಸ್ ಪೈಟೆಸ್ಟ್ ಹೊಡೆದರೆ ನನ್ನ ಪ್ರಾಜೆಕ್ಟ್‌ನ ಪ್ಯಾಕೇಜ್ ಒಂದೂ ಕಾಣಲ್ಲ.

ಇಂಜಿನಿಯರ್: ಒಂದೇ ಅಲ್ಲ. ಎನ್‌ಪಿಎಕ್ಸ್ ಮೊದಲು ನಿಮ್ಮ ಪ್ರಾಜೆಕ್ಟ್‌ನ ಪ್ಯಾಕೇಜ್ ಫೋಲ್ಡರ್ ನೋಡ್_ಮಾಡ್ಯೂಲ್ಸ್ ಒಳಗೆ ಹುಡುಕುತ್ತದೆ, ಸಿಗದಿದ್ದರೆ ಡೌನ್‌ಲೋಡ್ ಮಾಡಲಾ ಅಂತ ಕೇಳುತ್ತದೆ. ಯುವಿಯ ಜೊತೆ ಬರುವ ಯುವಿಎಕ್ಸ್ ಪ್ರಾಜೆಕ್ಟ್ ಕಡೆ ನೋಡುವುದೇ ಇಲ್ಲ, ಬೇರೆ ಎನ್ವಿರಾನ್‌ಮೆಂಟ್ ಮಾಡಿಕೊಂಡು ಓಡಿಸುತ್ತದೆ. ಟೆಸ್ಟ್‌ಗೆ 'ಯುವಿ ರನ್ ಪೈಟೆಸ್ಟ್' ಬಳಸಿ. ಮತ್ತೆ ಎನ್‌ಪಿಎಕ್ಸ್ ಕೇಳುವ ಪ್ರಶ್ನೆಗೆ --ಯೆಸ್ ಹಾಕಿ ಬಾಯಿ ಮುಚ್ಚಿಸಬೇಡಿ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಾದರೆ ಯಾರದ್ದೋ ಪ್ಯಾಕೇಜ್ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದೆ.

ಯುವಿ ಭಕ್ತ: ಪೊಯೆಟ್ರಿ ಬಿಟ್ಟು ಯುವಿಗೆ ಬಂದರೆ ಈ ಯಾವ ತೊಂದರೆಯೂ ಇಲ್ಲ.

ಕಂಟೇನರ್ ಪ್ರೇಮಿ: ಎಲ್ಲವನ್ನೂ ಡಾಕರ್‌ಗೆ (ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದದ್ದನ್ನು ಒಂದೇ ಕಂಟೇನರ್‌ನಲ್ಲಿ ಇಡುವ ಟೂಲ್) ಹಾಕಿದರೆ ಮುಗಿಯಿತು. ಮಷೀನ್ ಲೆಕ್ಕಕ್ಕೆ ಇಷ್ಟು ಗೋಳಾಟ ಯಾಕೆ?

ಯುವಿ ಭಕ್ತ: ನಿಮ್ಮ ಇಮೇಜ್ ಬಿಲ್ಡ್ ಆಗುವಷ್ಟರಲ್ಲಿ ಸಿಲ್ಕ್ ಬೋರ್ಡ್ ದಾಟಬಹುದು.

ಕಂಟೇನರ್ ಪ್ರೇಮಿ: ನಿಮಗೆ ಲೇಯರ್ ಕ್ಯಾಶ್ ಬಳಸಲು ಬರಲ್ಲ ಅಂದರೆ ಅದು ಡಾಕರ್ ತಪ್ಪಾ?

ಪೀಣ್ಯ ವರ್ಕ್‌ಶಾಪ್: ಸುಡೊ ಕ್ರಾನ್‌ಟ್ಯಾಬ್ ಹಾಕಿದ್ದು. ಪೊಯೆಟ್ರಿ ಸಿಗುತ್ತಿಲ್ಲ ಅಂದಿದ್ದಕ್ಕೆ ಅದರ ಪೂರ್ತಿ ಪಾತ್ ಕೊಟ್ಟೆ. ಹೌದು, ಮೊದಲ ದಿನದ ಲಾಗ್‌ನಲ್ಲಿ ಆ ಲೈನ್ ಇದೆ. /ರೂಟ್/.ಕ್ಯಾಶ್ ಅಂತ ಏನೋ ಇದೆ. ಮತ್ತೆ ಮೇಡಂ, ಆ ಬ್ರೇಕ್ ಸಿಸ್ಟಮ್ ಕಮಾಂಡ್ ಇನ್ನೊಂದು ಗ್ರೂಪ್‌ನಲ್ಲೂ ಬಂದಿತ್ತು. ನಿನ್ನೆ ರಾತ್ರಿಯೇ ಹೊಡೆದಿದ್ದೆ, ನಮ್ಮ ಪ್ಯಾಕೇಜ್ ಪಟ್ಟಿ ಪೂರ್ತಿ. ಕ್ರಾನ್ ಸರಿಯಾಗಲಿಲ್ಲ. ಈಗ ಆಡ್-ಆಪ್ಟ್-ರೆಪಾಸಿಟರಿ (ಉಬುಂಟುಗೆ ಹೊಸ ಸಾಫ್ಟ್‌ವೇರ್ ಮೂಲ ಸೇರಿಸುವ ಕಮಾಂಡ್) ಓಡಿಸಿದರೂ ಉದ್ದ ಟ್ರೇಸ್‌ಬ್ಯಾಕ್ (ಎರರ್ ವಿವರ) ಬರುತ್ತಿದೆ.

ಇಂಜಿನಿಯರ್: ಸರಿ, ಗಾಬರಿ ಬೇಡ. ಆದರೆ ಇನ್ನೇನೂ ಇನ್‌ಸ್ಟಾಲ್ ಮಾಡಬೇಡಿ, ಮಷೀನ್ ರೀಬೂಟ್ ಕೂಡ ಈಗ ಬೇಡ.

ಮೊದಲು ಕ್ರಾನ್ ಯಾಕೆ ಕೆಟ್ಟಿತು ಅಂತ ನೋಡೋಣ. ಪೊಯೆಟ್ರಿ ತಾನು ಮಾಡುವ ಎನ್ವಿರಾನ್‌ಮೆಂಟನ್ನು ಮಾಮೂಲಾಗಿ ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಇಡುವುದಿಲ್ಲ. ಯಾವ ಯೂಸರ್ ಓಡಿಸುತ್ತಾನೋ ಅವನ ಹೋಮ್ ಫೋಲ್ಡರ್‌ನ .ಕ್ಯಾಶ್ ಒಳಗೆ ಇಡುತ್ತದೆ. ನೀವು ಕೂತು ಓಡಿಸಿದಾಗ ನಿಮ್ಮದು ಸಿಕ್ಕಿತು. ಸುಡೊ ಕ್ರಾನ್ ಓಡಿಸುವುದು ರೂಟ್. ರೂಟ್‌ಗೆ ಆ ಪ್ರಾಜೆಕ್ಟ್‌ನ ಎನ್ವಿರಾನ್‌ಮೆಂಟೇ ಇರಲಿಲ್ಲ. ಆದ್ದರಿಂದ ಪೊಯೆಟ್ರಿ ಹೊಸದೊಂದನ್ನು, ಖಾಲಿಯಾಗಿ, ಮಾಡಿಕೊಂಡಿತು. 'ಪೊಯೆಟ್ರಿ ರನ್' ಪ್ಯಾಕೇಜ್ ಹಾಕುವುದಿಲ್ಲ, ಇದ್ದದ್ದನ್ನು ಬಳಸುತ್ತದೆ ಅಷ್ಟೆ. ಖಾಲಿ ಜಾಗದಲ್ಲಿ ಪಾಂಡಾಸ್ ಎಲ್ಲಿಂದ ಬರಬೇಕು?

ಆ ಫಾರ್ವರ್ಡ್ ನಿಮಗೆ ಕೆಲಸ ಮಾಡದಿರಲು ಕಾರಣವೂ ಇದೇ. ವರ್ಚುವಲ್ ಎನ್ವಿರಾನ್‌ಮೆಂಟ್ ಮಾಮೂಲಾಗಿ ಸಿಸ್ಟಮ್ ಪ್ಯಾಕೇಜ್‌ಗಳನ್ನು ನೋಡುವುದೇ ಇಲ್ಲ. ಹಾಕಿದ ಪಾಂಡಾಸ್ ಒಂದು ಕಡೆ, ಓಡುತ್ತಿರುವ ಪೈಥಾನ್ ಇನ್ನೊಂದು ಕಡೆ.

ಈಗ ಕೆಟ್ಟದ್ದನ್ನು ಸರಿ ಮಾಡುವುದು. ಉಬುಂಟುವಿನಲ್ಲಿ ಸುಡೊ ಪಿಪ್ ಹಾಕಿದ್ದು /ಯುಎಸ್‌ಆರ್/ಲೋಕಲ್/ಲಿಬ್/ಪೈಥಾನ್3.12/ಡಿಸ್ಟ್-ಪ್ಯಾಕೇಜಸ್‌ಗೆ ಹೋಗುತ್ತದೆ. ಉಬುಂಟುವಿನದೇ ಪ್ಯಾಕೇಜ್ ಹಾಕುವ ಕಮಾಂಡ್ ಆಪ್ಟ್ ಹಾಕಿದವು /ಯುಎಸ್‌ಆರ್/ಲಿಬ್/ಪೈಥಾನ್3/ಡಿಸ್ಟ್-ಪ್ಯಾಕೇಜಸ್‌ನಲ್ಲಿ ಹಾಗೇ ಇರುತ್ತವೆ. ಆದರೆ ಪೈಥಾನ್ ಮೊದಲು ನೋಡುವುದು ಲೋಕಲ್ ಅನ್ನು. ಆಡ್-ಆಪ್ಟ್-ರೆಪಾಸಿಟರಿ ಪೈಥಾನ್‌ನಲ್ಲಿ ಬರೆದದ್ದು, ನಿಮ್ಮ ಫೈರ್‌ವಾಲ್ ಯುಎಫ್‌ಡಬ್ಲ್ಯೂ ಕೂಡ. ಅದಕ್ಕೇ ನನಗೆ ಚಿಂತೆ. 'ಪಿಪ್ ಲಿಸ್ಟ್' ಮುಂದೆ --ಪಾತ್ ಅಂತ ಹಾಕಿ ಆ ಲೋಕಲ್ ಫೋಲ್ಡರ್ ಕೊಡಿ. ಬಂದ ಪಟ್ಟಿ ಇಲ್ಲಿ ಹಾಕಿ. ಟ್ರೇಸ್‌ಬ್ಯಾಕ್‌ನ ಕೊನೆಯ ಕೆಲವು ಲೈನ್‌ಗಳನ್ನೂ ಹಾಕಿ, ಅದರಲ್ಲಿ ಲೋಕಲ್ ಅನ್ನುವ ಪಾತ್ ಇದೆಯಾ ನೋಡಬೇಕು.

ವಿಜಯನಗರ ಟೆಕ್ಕಿ: ನನಗೆ ಇದುವರೆಗೂ ಏನೂ ಆಗಿಲ್ಲ. ಸುಮ್ನೆ ಹೆದರಿಸುತ್ತಿದ್ದೀರಿ.

ಇಂಜಿನಿಯರ್: ಆ ಆಪ್ಷನ್‌ನ ಹೆಸರೇ 'ಸಿಸ್ಟಮ್ ಪ್ಯಾಕೇಜ್‌ಗಳನ್ನು ಮುರಿ' ಅಂತ. ಇನ್ನೂ ಎಷ್ಟು ಸ್ಪಷ್ಟವಾಗಿ ಹೇಳಬೇಕಿತ್ತು? ಪೈಥಾನ್‌ನ ಪಿಇಪಿ 668 ನಿಯಮದ ಪ್ರಕಾರ ಪಿಪ್ ಸಿಸ್ಟಮ್‌ಗೆ ಹಾಕಲು ಬಿಡದೆ ತಡೆಯುವುದು ಈ ಗೊಂದಲ ಆಗಬಾರದು ಅಂತಲೇ. ತಡೆಯನ್ನು ದಾಟುವ ಕಮಾಂಡನ್ನು ಮದ್ದು ಅಂತ ಹಂಚಬೇಡಿ.

ಯಲಹಂಕ ರೈಲ್ಸ್: ರೇಕ್ (ರೂಬಿಯ ಕೆಲಸಗಳನ್ನು ಓಡಿಸುವ ಕಮಾಂಡ್) ಓಡಿಸಿದರೆ 'ಬೇರೆ ವರ್ಷನ್ ಈಗಾಗಲೇ ಆಕ್ಟಿವೇಟ್ ಆಗಿದೆ, ಜೆಮ್‌ಫೈಲ್‌ಗೆ ಇನ್ನೊಂದು ಬೇಕು' ಅನ್ನುತ್ತದೆ.

ಇಂಜಿನಿಯರ್: ಮುಂದೆ 'ಬಂಡಲ್ ಎಕ್ಸೆಕ್' ಹಾಕಿ.

ಜೆ.ಪಿ. ನಗರ ಡೇಟಾ: ಜುಪಿಟರ್ ನೋಟ್‌ಬುಕ್‌ಗೆ ಪೊಯೆಟ್ರಿ ಎನ್ವಿರಾನ್‌ಮೆಂಟ್ ಕರ್ನಲ್ ಆಗಿ ತೋರಿಸುವುದು ಹೇಗೆ?

ಮಾಗಡಿ ರಸ್ತೆ: ಪೊಯೆಟ್ರಿ ಶೆಲ್ ಕೆಲಸ ಮಾಡುತ್ತಿಲ್ಲ ಮೇಡಂ, ಅರ್ಜೆಂಟ್.

ಇಂಜಿನಿಯರ್: ಮೇಲೆ ಓದಿ.

ಯುವಿ ಭಕ್ತ: ಯುವಿಯಲ್ಲಿ ಆಗಿದ್ದರೆ ರೂಟ್‌ನಿಂದ ಓಡಿಸಿದರೂ ಪ್ಯಾಕೇಜ್ ತಾನೇ ಹಾಕಿಕೊಳ್ಳುತ್ತಿತ್ತು. ಅದನ್ನು ಯಾಕೆ ಹೇಳುತ್ತಿಲ್ಲ?

ಇಂಜಿನಿಯರ್: ಹೌದು, ಯುವಿ ರನ್ ಪ್ರತಿ ಸಲ ಲಾಕ್ ಫೈಲ್ (ಪ್ಯಾಕೇಜ್‌ಗಳ ನಿಖರ ವರ್ಷನ್ ಪಟ್ಟಿ) ನೋಡಿ, ಎನ್ವಿರಾನ್‌ಮೆಂಟ್ ಸರಿ ಮಾಡಿ, ಆಮೇಲೆ ಓಡಿಸುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಅದು ಅನುಕೂಲ. ಬೆಳಗ್ಗೆ 6ಕ್ಕೆ ಯಾರೂ ಇಲ್ಲದಾಗ ಫ್ಯಾಕ್ಟರಿ ಸರ್ವರ್ ತಾನಾಗಿ ಪ್ಯಾಕೇಜ್ ಬದಲಿಸುವುದು ನನಗೆ ಇಷ್ಟ ಇಲ್ಲ. ಅಲ್ಲಿ --ಲಾಕ್ಡ್ ಹಾಕಿ, ಲಾಕ್ ಫೈಲ್ ಹೊಂದದಿದ್ದರೆ ಎರರ್ ಕೊಟ್ಟು ನಿಲ್ಲುತ್ತದೆ. ಮತ್ತೆ ರೂಟ್‌ನಿಂದ ಓಡಿಸಿದರೆ ಪ್ರಾಜೆಕ್ಟ್ ಒಳಗೆ ರೂಟ್ ಹೆಸರಿನ ಫೈಲ್‌ಗಳು ಉಳಿಯುತ್ತವೆ. ಆಮೇಲೆ 'ಪರ್ಮಿಷನ್ ಡಿನೈಡ್' ಅಂತ ಇಲ್ಲಿಗೇ ಬರುತ್ತೀರಿ.

ಕಂಟೇನರ್ ಪ್ರೇಮಿ: ಡಾಕರ್ ಬಗ್ಗೆ ಒಂದು ಮಾತೂ ಇಲ್ಲ. ಪಕ್ಷಪಾತ.

ಯುವಿ ಭಕ್ತ: ಅವರು ಕೇಳಿದ್ದು ಕ್ರಾನ್. ನಿಮ್ಮ ಕಂಟೇನರ್ ಒಳಗೆ ಯಾವ ಯೂಸರ್ ಓಡುತ್ತಾನೆ ಅಂತ ಗೊತ್ತಾ? ರೂಟ್ ತಾನೇ?

ಕಂಟೇನರ್ ಪ್ರೇಮಿ: ನಿಮಗೆ ಪಾಠ ಹೇಳಲು ನನಗೆ ಸಂಬಳ ಕೊಡುತ್ತಿಲ್ಲ.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಪೀಣ್ಯ ವರ್ಕ್‌ಶಾಪ್: ಪಟ್ಟಿ: ಪಾಂಡಾಸ್, ನಂಪೈ, ಸಿಕ್ಸ್, ಡೇಟ್‌ಯುಟಿಲ್, ಕ್ರಿಪ್ಟೊಗ್ರಫಿ, ರಿಕ್ವೆಸ್ಟ್ಸ್, ಯುಆರ್‌ಎಲ್‌ಲಿಬ್3, ಇನ್ನೂ ಕೆಲವು. ಟ್ರೇಸ್‌ಬ್ಯಾಕ್‌ನಲ್ಲಿ ಲೋಕಲ್ ಪಾತ್ ಇದೆ.

ಇಂಜಿನಿಯರ್: ಒಳ್ಳೆಯದಾಯಿತು. ಹಾಗಿದ್ದರೆ ಲೋಕಲ್‌ನಲ್ಲಿರುವುದನ್ನು ತೆಗೆದರೆ ಆಪ್ಟ್‌ನ ಪ್ರತಿಗಳು ಮತ್ತೆ ಕಾಣುತ್ತವೆ. ಆ ಪಟ್ಟಿಯಲ್ಲಿರುವ ಹೆಸರುಗಳಿಗೆ ಮಾತ್ರ 'ಸುಡೊ ಪಿಪ್ ಅನ್‌ಇನ್‌ಸ್ಟಾಲ್'. ತೆಗೆಯಲೂ ಅದೇ --ಬ್ರೇಕ್ ಆಪ್ಷನ್ ಬೇಕು, ಅದು ನನಗೂ ಬೇಸರವೇ. ಪ್ರತಿಯೊಂದಕ್ಕೂ ಯಾವ ಫೈಲ್ ಅಳಿಸುತ್ತೇನೆ ಅಂತ ತೋರಿಸಿ ಕೇಳುತ್ತದೆ. ಲೋಕಲ್ ಅಂತ ಇದ್ದರೆ ಮಾತ್ರ ವೈ ಒತ್ತಿ. ಫೋಲ್ಡರ್‌ಗಳನ್ನು ಕೈಯಿಂದ ಅಳಿಸಬೇಡಿ. ಮುಗಿದ ಮೇಲೆ ಆಡ್-ಆಪ್ಟ್-ರೆಪಾಸಿಟರಿ --ಹೆಲ್ಪ್ ಮತ್ತು ಯುಎಫ್‌ಡಬ್ಲ್ಯೂ ಸ್ಟೇಟಸ್ ಎರಡೂ ಓಡಿಸಿ ನೋಡಿ.

ಆಮೇಲೆ ನಿಮ್ಮ ಲಾಗಿನ್‌ನಲ್ಲಿ, ಸುಡೊ ಇಲ್ಲದೆ: ಪೊಯೆಟ್ರಿ ಕಾನ್ಫಿಗ್‌ನಲ್ಲಿ ವರ್ಚುವಲೆನ್ವ್ಸ್.ಇನ್-ಪ್ರಾಜೆಕ್ಟ್ ಅನ್ನು ಟ್ರೂ ಮಾಡಿ. ಹಳೆಯ ಎನ್ವಿರಾನ್‌ಮೆಂಟ್ ತೆಗೆಯಿರಿ, ಇಲ್ಲದಿದ್ದರೆ ಅದನ್ನೇ ಬಳಸುತ್ತಿರುತ್ತದೆ. 'ಪೊಯೆಟ್ರಿ ಇನ್‌ಸ್ಟಾಲ್' ಹೊಡೆಯಿರಿ. ಈಗ ಪ್ರಾಜೆಕ್ಟ್ ಒಳಗೇ .ವೆನ್ವ್ ಬರುತ್ತದೆ. ಕ್ರಾನ್ ಲೈನ್: ಮೊದಲು 'ಸಿಡಿ' ಕಮಾಂಡ್‌ನಿಂದ ಪ್ರಾಜೆಕ್ಟ್ ಫೋಲ್ಡರ್‌ಗೆ ಹೋಗುವುದು, ಆಮೇಲೆ .ವೆನ್ವ್/ಬಿನ್/ಪೈಥಾನ್ ಮತ್ತು ನಿಮ್ಮ ಫೈಲ್. ಕ್ರಾನ್‌ಗೆ ಪೊಯೆಟ್ರಿಯೂ ಬೇಡ, ಆಕ್ಟಿವೇಟೂ ಬೇಡ. ಆ ಫೋಲ್ಡರ್‌ಗೆ ಮುಂದೆ ಹೆಸರು ಬದಲಿಸಬೇಡಿ. ವೆನ್ವ್ ಒಳಗಿನ ಸ್ಕ್ರಿಪ್ಟ್‌ಗಳಲ್ಲಿ ಪೂರ್ತಿ ಪಾತ್ ಬರೆದಿರುತ್ತದೆ.

ವಿಜಯನಗರ ಟೆಕ್ಕಿ: ಇಷ್ಟೆಲ್ಲಾ ಮಾಡುವ ಬದಲು ಓಎಸ್ ಫಾರ್ಮ್ಯಾಟ್ ಮಾಡಬಹುದು.

ಇಂಜಿನಿಯರ್: ನೀವು ಮಾಡಿಕೊಳ್ಳಿ, ನಿಮ್ಮದನ್ನು.

ಜೆ.ಪಿ. ನಗರ ಡೇಟಾ: ಜುಪಿಟರ್??

ಕೆಂಗೇರಿ: ಪೊಯೆಟ್ರಿ ಶೆಲ್ ಎರರ್ ಬರುತ್ತಿದೆ, ಯಾರಾದರೂ ಹೇಳಿ.

ಬನಶಂಕರಿ ಫ್ರೆಶರ್: ನನ್ನ ಪ್ರಶ್ನೆ ನೋಡಿ ಸರ್, ಮೊದಲನೇದು.

ಪೀಣ್ಯ ವರ್ಕ್‌ಶಾಪ್: ತೆಗೆದೆ ಮೇಡಂ. ಆಪ್ಟ್ ರೆಪಾಸಿಟರಿ ಎರರ್ ಹೋಯಿತು, ಯುಎಫ್‌ಡಬ್ಲ್ಯೂ ಆಕ್ಟಿವ್ ಅಂತ ತೋರಿಸುತ್ತಿದೆ. ನನ್ನ ಕ್ರಾನ್‌ನಲ್ಲಿ ಪರೀಕ್ಷೆಗೆ ಈಗಿನ ಸಮಯ ಹಾಕಿದೆ, ಮೇಲ್ ಬಂತು. ತುಂಬಾ ಥ್ಯಾಂಕ್ಸ್.

ಇಂಜಿನಿಯರ್: ರೂಟ್‌ನ ಕ್ರಾನ್‌ನಲ್ಲಿದ್ದ ಹಳೆಯ ಲೈನ್ ತೆಗೆದಿರಾ?

ಪೀಣ್ಯ ವರ್ಕ್‌ಶಾಪ್: ಅಯ್ಯೋ, ಇಲ್ಲ. ಈಗಲೇ ತೆಗೆಯುತ್ತೇನೆ.

ಇಂಜಿನಿಯರ್: ತೆಗೆದು, ಹೊಸ ಲೈನ್‌ನ ಸಮಯವನ್ನು ವಾಪಸ್ ಬೆಳಗ್ಗೆ 6ಕ್ಕೆ ಹಾಕಿ. ನಾನು ಹೊರಟೆ.