ಪ್ರಶ್ನೋತ್ತರ: ಹಳೇ ಕಾರು, ಸೋರುವ ಸನ್‌ರೂಫ್

ಅಡ್ಮಿನ್: ಮಳೆ ಹಿಡ್ಕೊಂಡಿದೆ, ಗ್ರೂಪ್ ತುಂಬ ಸನ್‌ರೂಫ್ ಸೋರುವ ದೂರುಗಳೇ. ಉಡುಪಿ ಕಡೆ ಗ್ಯಾರೇಜ್ ನಡೆಸುವ ನಮ್ಮ ಸದಸ್ಯರು ಇವತ್ತು ಸಂಜೆ ಉತ್ತರಿಸ್ತಾರೆ. ಕಾರು ಯಾವ ವರ್ಷದ್ದು, ನೀರು ಎಲ್ಲಿ ಕಾಣ್ತಿದೆ, ಯಾವಾಗ ಕಾಣ್ತಿದೆ, ಇಷ್ಟು ಬರೀರಿ. ಫಾರ್ವರ್ಡ್ ಬೇಡ.

ಕೆಎ 05 ಜಯನಗರ: ನಮಸ್ಕಾರ ಅಣ್ಣ. 2014ರ ಸೆಡಾನ್. ದಿನಾ ಗುಲ್‌ಮೊಹರ್ ಮರದ ಕೆಳಗೇ ಪಾರ್ಕಿಂಗ್. ನಿನ್ನೆ ಮಳೇಲಿ ಡ್ರೈವರ್ ಕಡೆ ಪಿಲ್ಲರ್ ಮೇಲಿಂದ ನೀರು ಇಳಿದು ಸ್ಪೀಕರ್ ತನಕ ಬಂತು. ಬೀಡಿಂಗ್ ಬದಲಾಯಿಸಿದ್ರೆ ಸಾಕಾ?

ಗ್ಯಾರೇಜ್ ಉಡುಪಿ: ನಮಸ್ಕಾರ. ಬೀಡಿಂಗಿಗೆ ಈಗಲೇ ದುಡ್ಡು ಹಾಕಬೇಡಿ. ಗಾಜಿನ ಸುತ್ತ ಇರುವ ರಬ್ಬರ್ ಮಳೆಯನ್ನು ಪೂರ್ತಿ ತಡೀಲಿಕ್ಕೆ ಇರುವುದಲ್ಲ. ಹೊಸ ಕಾರಿನಲ್ಲೂ ಸ್ವಲ್ಪ ನೀರು ಒಳಗೆ ಇಳೀತದೆ. ಇಳಿದದ್ದನ್ನು ಹಿಡಿಯಲಿಕ್ಕೆ ಗಾಜಿನ ಕೆಳಗೆ ಸುತ್ತಲೂ ಒಂದು ಕಾಲುವೆ ಉಂಟು, ಹಂಚಿನ ಮಾಡಿಗೆ ಕಟ್ಟುವ ಅಡಿಕೆ ದಂಬೆಯ ಹಾಗೆ. ಹೆಚ್ಚಿನ ಕಾರುಗಳಲ್ಲಿ ಅದರ ನಾಲ್ಕು ಮೂಲೆಗೆ ನಾಲ್ಕು ಪೈಪ್. ಮುಂದಿನ ಎರಡು ವಿಂಡ್‌ಶೀಲ್ಡ್ ಪಕ್ಕದ ಪಿಲ್ಲರ್ ಒಳಗೆ ಇಳಿದು ಬಾಗಿಲ ಹಿಂಜ್ ಹತ್ತಿರವೋ ಫೆಂಡರ್ ಒಳಗೋ ನೀರು ಬಿಡ್ತವೆ. ಹಿಂದಿನವು ಹಿಂದಿನ ಪಿಲ್ಲರ್ ಇಳಿದು ಬಂಪರ್ ಕಡೆಗೆ. ಪೈಪ್ ಕಟ್ಟಿದರೆ ಕಾಲುವೆ ತುಂಬಿ ನಿಮ್ಮ ತಲೆ ಮೇಲೆ.

ಸನ್‌ರೂಫ್ ತೆರೆದು ಮುಂದಿನ ಮೂಲೆಗೆ ಬೆರಳು ಹಾಕಿ. ಗುಲ್‌ಮೊಹರಿನ ಆ ಸಣ್ಣ ಸಣ್ಣ ಎಲೆ ಕಪ್ಪು ಕೆಸರಾಗಿ ಬೆರಳಿಗೆ ಅಂಟ್ತದೆ ನೋಡಿ. ಬಟ್ಟೆಯಲ್ಲಿ ಒರೆಸಿ ತೆಗೀರಿ, ಪೈಪಿನ ಬಾಯಿಗೆ ದೂಡಬೇಡಿ. ಮತ್ತೆ ಒಂದೊಂದು ಮೂಲೆಗೆ ಒಂದು ಲೋಟ ನೀರು, ನಿಧಾನ. ಕೂಡಲೇ ಕಾರಿನ ಕೆಳಗೆ ಬೀಳಬೇಕು. ಬೀಳದಿದ್ರೆ ಹುಲ್ಲು ಕತ್ತರಿಸುವ ಮಿಷನ್ನಿನ ನೈಲಾನ್ ದಾರ ತಗೊಂಡು, ತುದಿಯನ್ನು ಬೆಂಕಿಗೆ ಹಿಡಿದು ಮೊಂಡು ಮಾಡಿ, ಮೆಲ್ಲಗೆ ಬಿಡಿ. ತಡೆದರೆ ತಿರುಗಿಸಿ, ಗುದ್ದಬೇಡಿ. ಬೈಕಿನ ಕ್ಲಚ್ ಕೇಬಲ್, ಕಬ್ಬಿಣದ ತಂತಿ ಬೇಡವೇ ಬೇಡ, ಪೈಪ್ ತೂತಾದರೆ ಟಾಪ್ ಲೈನಿಂಗ್ ಇಡೀ ಇಳಿಸಬೇಕು.

ಕೆಎ 09 ಮೈಸೂರು: ಸಾರ್, ಒಂದು ಗ್ರೂಪಲ್ಲಿ ಬಂದಿತ್ತು. ಕೊಬ್ಬರಿ ಎಣ್ಣೆಗೆ ಮೇಣದಬತ್ತಿ ಕರಗಿಸಿ ಬೀಡಿಂಗಿಗೆ ಹಚ್ಚಿದ್ರೆ ಒಂದು ತೊಟ್ಟೂ ಬರಲ್ವಂತೆ. ನೂರಕ್ಕೆ ನೂರು ಗ್ಯಾರಂಟಿ ಅಂತ ಬರೆದಿದ್ರು.

ಗ್ಯಾರೇಜ್ ಉಡುಪಿ: ಬೇಡ. ಎಣ್ಣೆಗೆ ಧೂಳು ಅಂಟ್ತದೆ, ಮೇಣ ಬಿಸಿಲಿಗೆ ಕರಗಿ ಗಾಜು ಜಾರುವ ಹಳಿಗೆ ಇಳೀತದೆ. ರಬ್ಬರ್ ಒಣಗಿದ್ದರೆ ತೊಳೆದು ಒರೆಸಿ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ. ಚಕ್ರದ ಬೇರಿಂಗಿಗೆ ಹಾಕುವ ಗ್ರೀಸ್ ಅಲ್ಲ, ಅದರಿಂದ ರಬ್ಬರ್ ಉಬ್ಬುತ್ತದೆ.

ಕೆಎ 25 ಧಾರವಾಡ: ಇಷ್ಟೆಲ್ಲಾ ಯಾಕ್ರೀ? ಸುತ್ತ ಎಂ-ಸೀಲ್ ಬಡದು ಮುಚ್ಚಿಬಿಡ್ರಿ. ನಮ್ಮ ದೋಸ್ತ ಮಾಡ್ಯಾನ, ಎರಡು ಮಳಿಗಾಲ ದಾಟೇತಿ.

ಗ್ಯಾರೇಜ್ ಉಡುಪಿ: ಮುಚ್ಚಿದ ಮೇಲೆ ಯಾರೋ ಗೊತ್ತಿಲ್ಲದೆ ಬಟನ್ ಒತ್ತಿದರೆ ಮೋಟರ್ ಎಳೀತದೆ, ಗಾಜು ಬಿಡುವುದಿಲ್ಲ, ಕೇಬಲ್ ಹೋಗ್ತದೆ. ಬಿರುಕು ಬಿಟ್ಟಲ್ಲಿ ನೀರು ಪುನಃ ಇಳೀತದೆ. ಆಗ ಕೆಳಗಿನ ಪೈಪಿಗೆ ಕೈ ಹಾಕ್ಲಿಕ್ಕೂ ದಾರಿ ಇಲ್ಲ.

ಕೆಎ 20 ಕುಂದಾಪ್ರ: ನಂದೂ ಸೋರ್ತಿತ್ತ್ ಮಾರಾಯ್ರೆ. ಬೀಡಿಂಗ್ ರೇಟ್ ಎಷ್ಟ್?

ಗ್ಯಾರೇಜ್ ಉಡುಪಿ: ಮೇಲೆ ಓದಿ.

ಕೆಎ 31 ಶಿರಸಿ: ನಮ್ಮದು ವಿಚಿತ್ರ. ಮಳೆಯಲ್ಲಿ ನಿಲ್ಲಿಸಿದರೆ ಒಂದು ಹನಿಯೂ ಇಲ್ಲ. ಮರುದಿನ ಬಿಸಿಲಲ್ಲಿ ಹೊರಟು ಮೊದಲ ಬ್ರೇಕ್ ಒತ್ತಿದ ಕೂಡಲೇ ಕನ್ನಡಿ ಮೇಲಿನ ಲೈಟಿನಿಂದ ದಬಕ್ಕನೆ ತೊಡೆ ಮೇಲೆ ನೀರು. ಮನೆ ಎದುರು ಏರು ಇದೆ, ಮೂತಿ ಮೇಲೆ ಮಾಡಿ ನಿಲ್ಲಿಸೋದು.

ಗ್ಯಾರೇಜ್ ಉಡುಪಿ: ವಿಚಿತ್ರ ಅಲ್ಲ. ಮೂತಿ ಮೇಲಾದರೆ ನೀರೆಲ್ಲ ಹಿಂದಿನ ಮೂಲೆಗೆ. ಹಿಂದಿನ ಪೈಪ್ ಕಟ್ಟಿರ್ತದೆ, ನೀರು ಅಲ್ಲೇ ನಿಂತಿರ್ತದೆ. ಬ್ರೇಕ್ ಹಾಕಿದಾಗ ಮುಂದಕ್ಕೆ ನುಗ್ಗಿ ಅಂಚು ಹಾರಿ ಲೈಟಿನ ತೂತಲ್ಲಿ ಬರ್ತದೆ. ಹಿಂದಿನ ಪೈಪಿನ ಕೆಳತುದಿಯಲ್ಲಿ ಸೀಳಿದ ರಬ್ಬರ್ ಮೂತಿ ಇರಬಹುದು, ಅದನ್ನು ಹಿಂಡಿ ನೋಡಿ. ಕೆಂಪು ಮಣ್ಣು ಗಟ್ಟಿ ಆಗಿರ್ತದೆ. ಅದು ಸರಿಯಾಗುವವರೆಗೆ ಆ ಲೈಟ್ ಹಾಕಬೇಡಿ.

ಕೆಎ 46 ಸಕಲೇಶಪುರ: ಅಣ್ಣ, 2013ರ ಎಸ್‌ಯುವಿ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಪೈಪ್ ಕಟ್ಟಿತ್ತು, ಸರ್ವಿಸಲ್ಲಿ ಕಂಪ್ರೆಸರ್ ಗಾಳಿ ಹೊಡೆದು ಕ್ಲೀನ್ ಮಾಡಿಕೊಟ್ರು. ಈಗ ನಾಲ್ಕೂ ಕಡೆ ನೀರು ಕೆಳಗೆ ಬೀಳ್ತಿದೆ. ಆದ್ರೂ ಎಡಗಡೆ ಮುಂದಿನ ಮ್ಯಾಟ್ ಕೆಳಗೆ ಒದ್ದೆ. ಶಿರಾಡಿ ಘಾಟಿ ಇಳಿದು ಬಂದ ದಿನ ಜಾಸ್ತಿ. ಬೆಳಿಗ್ಗೆ ಗಾಜು ಒಳಗಡೆಯಿಂದ ಮಂಜು ಹಿಡಿದಿರುತ್ತೆ. ಮೊನ್ನೆಯಿಂದ ಏರ್‌ಬ್ಯಾಗ್ ಲೈಟ್ ಆರ್ತಾ ಇಲ್ಲ. ಹೆಂಡತಿ ಇದರಲ್ಲೇ ಮಗಳನ್ನ ಸ್ಕೂಲಿಗೆ ಬಿಡ್ತಾಳೆ. ಭಾನುವಾರ ನಾನೇ ಪಿಲ್ಲರ್ ಕವರ್ ಕಿತ್ತು ನೋಡೋಣ ಅಂತಿದ್ದೀನಿ, ವಿಡಿಯೋ ನೋಡಿ ಇಟ್ಕೊಂಡಿದ್ದೀನಿ.

ಗ್ಯಾರೇಜ್ ಉಡುಪಿ: ಪಿಲ್ಲರ್ ಕವರಿಗೆ ಕೈ ಹಾಕಬೇಡಿ. ಪೂರ್ತಿ ಓದಿ.

ಒಂದು, ಇದು ಸನ್‌ರೂಫ್ ನೀರೇ ಹೌದಾ ನೋಡಬೇಕು. ನಮ್ಮಲ್ಲಿ ಸ್ಟಿಯರಿಂಗ್ ಬಲಗಡೆ, ಎಸಿಯ ಕೂಲಿಂಗ್ ಕಾಯಿಲ್ ಸಾಧಾರಣ ಎಡಗಡೆ ಡ್ಯಾಶ್‌ಬೋರ್ಡ್ ಹಿಂದೆ. ಅದರ ನೀರು ಹೋಗುವ ಪೈಪ್ ಕಟ್ಟಿದರೂ ಒದ್ದೆಯಾಗುವುದು ಅದೇ ಮ್ಯಾಟ್. ಮಳೆ ಇಲ್ಲದ ದಿನ ಎಸಿ ಹಾಕಿ ಓಡಿಸಿದಾಗಲೂ ಒದ್ದೆಯಾದರೆ ಎಸಿ. ನೀರು ಅಂಟಂಟಾಗಿ, ಸಿಹಿ ವಾಸನೆ ಇದ್ದರೆ ಹೀಟರಿನ ಕೂಲೆಂಟ್. ಘಾಟಿ ಇಳಿಯುವಾಗ ಜಾಸ್ತಿ ಅಂತೀರಿ, ಇಳಿಜಾರಲ್ಲಿ ಕಾಲುವೆ ನೀರು ಮುಂದಿನ ಮೂಲೆಗೆ ಬರ್ತದೆ, ಹಾಗಾಗಿ ನನ್ನ ಅನುಮಾನ ಮುಂದಿನ ಎಡ ಪೈಪಿನ ಮೇಲೆ.

ಗಾಳಿ ಹೊಡೆದದ್ದೇ ತಪ್ಪು. ಕೆಳಗೆ ಕಟ್ಟಿದ ಪೈಪಿಗೆ ಮೇಲಿಂದ ಅಷ್ಟು ಪ್ರೆಷರ್ ಕೊಟ್ಟರೆ, ಹಳೇ ರಬ್ಬರ್ ಕಾಲುವೆಯ ಮೂತಿಯಿಂದ ಜಾರ್ತದೆ. ಅರ್ಧ ಜಾರಿದರೆ ಇನ್ನೂ ಮೋಸ. ಅರ್ಧ ನೀರು ಪೈಪಲ್ಲಿ ಹೋಗಿ ಕೆಳಗೆ ಬೀಳ್ತದೆ, ನೀವು ಸರಿಯಾಯ್ತು ಅಂತ ತಿಳೀತೀರಿ. ಬಾಕಿ ಅರ್ಧ ಪಿಲ್ಲರ್ ಒಳಗೆ ಇಳಿದು ಕಾರ್ಪೆಟಿಗೆ. ಅದಕ್ಕೆ ಅಳತೆ ಮಾಡಬೇಕು. ಅಳತೆಯ ಬಾಟಲಿಯಲ್ಲಿ ಒಂದು ಲೀಟರ್ ನೀರು, ಪೈಪ್ ಬಿಡುವ ಜಾಗದ ಕೆಳಗೆ ಅಗಲದ ಬೇಸಿನ್. ನಿಧಾನ ಸುರಿದು, ಬೇಸಿನ್ನಿನ ನೀರನ್ನು ಪುನಃ ಬಾಟಲಿಗೆ ತುಂಬಿ. ಹತ್ತಿರ ಹತ್ತಿರ ಅಷ್ಟೇ ಸಿಗಬೇಕು. ಬರೇ ತೊಟ್ಟಿಕ್ಕಿತು ಅಂತ ಬಿಡಬಾರದು. ಇದನ್ನು ಗ್ಯಾರೇಜಿನವರ ಎದುರೇ ಮಾಡಿಸಿ, ಇಗ್ನಿಷನ್ ಆಫ್ ಇರಲಿ.

ಕವರ್ ಯಾಕೆ ಬೇಡ ಅಂದರೆ, ಅದರ ಮೇಲೆ ಏರ್‌ಬ್ಯಾಗ್ ಅಂತ ಅಕ್ಷರ ಇದ್ದರೆ ಮಾಡಿನ ಅಂಚಿನುದ್ದಕ್ಕೂ ಮಡಚಿದ ಬ್ಯಾಗ್ ಉಂಟು. ಕ್ಲಿಪ್ ಮುರಿದು ಅಂದಾಜಿಗೆ ತುರುಕಿದರೆ ಬ್ಯಾಗ್ ಉಬ್ಬುವ ದಿನ ಆ ಕವರೇ ಮುಖಕ್ಕೆ ಬರಬಹುದು. ಬ್ಯಾಟರಿಯ ನೆಗೆಟಿವ್ ತೆಗೆದು, ಕಂಪನಿ ಹೇಳಿದಷ್ಟು ಹೊತ್ತು ಬಿಟ್ಟು, ಆಮೇಲೆ ಗೊತ್ತಿದ್ದವರು ಮುಟ್ಟುವ ಕೆಲಸ.

ಲೈಟಿನ ವಿಷಯ ಎಲ್ಲಕ್ಕಿಂತ ದೊಡ್ಡದು. ಸೀಟಿನ ಅಡಿಯಲ್ಲಿ ಹಳದಿ ಕನೆಕ್ಟರ್ ಇರ್ತವೆ, ಎಷ್ಟೋ ಕಾರಿನಲ್ಲಿ ಏರ್‌ಬ್ಯಾಗಿನ ಕಂಟ್ರೋಲ್ ಬಾಕ್ಸ್ ಗೇರ್ ಲಿವರ್ ಹತ್ತಿರ ಕೆಳಗೇ ಇರ್ತದೆ. ನೀರು ಅಲ್ಲಿಗೆ ತಲುಪಿರಬಹುದು. ಆ ಲೈಟ್ ಉರೀತಾ ಇದ್ದರೆ ಬ್ಯಾಗ್ ಉಬ್ಬುವ ನಂಬಿಕೆ ಇಲ್ಲ. ಸ್ಕ್ಯಾನ್ ಮಾಡಿಸುವವರೆಗೆ ಮಗುವನ್ನು ಬೇರೆ ಗಾಡಿಯಲ್ಲಿ ಕಳಿಸಿ. ಅದಾಗದಿದ್ದರೆ ಹಿಂದಿನ ಸೀಟು, ಬೆಲ್ಟ್ ಹಾಕಿ. ಭಾನುವಾರಕ್ಕೆ ಕಾಯಬೇಡಿ.

ಕೆಎ 46 ಸಕಲೇಶಪುರ: ಆಯ್ತು ಅಣ್ಣ. ನಾಳೆನೇ ಹಾಸನಕ್ಕೆ ತಗೊಂಡು ಹೋಗ್ತೀನಿ.

ಕೆಎ 25 ಧಾರವಾಡ: ಇದಕ್ಕ ನಾ ಅನ್ನೂದು. ನಮ್ಮ ಬಿಸಲಾಗ ಮ್ಯಾಲೆ ಕಿಟಕಿ ಯಾಕ್ ಬೇಕ್ರೀ? ರೊಕ್ಕ ಕೊಟ್ಟು ತೂತ ತಗೊಂಡ್ಹಂಗ.

ಕೆಎ 05 ಜಯನಗರ: ನಿಮಗೆ ಬೇಡ ಅಂದ್ರೆ ಬಿಡಿ ಗುರು. ನಮ್ಮ ಮಕ್ಕಳು ನಂದಿಬೆಟ್ಟಕ್ಕೆ ಹೋದಾಗ ಮೇಲೆ ನಿಂತು ಎಷ್ಟು ಖುಷಿ ಪಡ್ತಾವೆ ಗೊತ್ತಾ.

ಕೆಎ 14 ತೀರ್ಥಹಳ್ಳಿ: ಓಡುವ ಕಾರಲ್ಲಿ ಮಕ್ಕಳನ್ನ ಮೇಲೆ ನಿಲ್ಲಿಸ್ತೀರಾ? ಅದನ್ನ ಹೆಮ್ಮೆಯಿಂದ ಬೇರೆ ಹೇಳ್ತೀರಾ?

ಕೆಎ 05 ಜಯನಗರ: ಇಪ್ಪತ್ತರ ಸ್ಪೀಡಲ್ಲಿ ಸಾರ್. ಎಲ್ಲರೂ ಮಾಡ್ತಾರೆ.

ಕೆಎ 25 ಧಾರವಾಡ: ಎಲ್ಲಾರೂ ಬಾವಿಗೆ ಬಿದ್ರ ನೀವೂ ಬೀಳ್ರಿ.

ಕೆಎ 05 ಜಯನಗರ: ಎಂ-ಸೀಲ್ ಬಡಿಯೋರು ನನಗೆ ಬುದ್ಧಿ ಹೇಳೋದು ಬೇಡ.

ಕೆಎ 09 ಮೈಸೂರು: ಸಾರ್, ನಂದು ಪನೋರಮಿಕ್. ಗಾಜಿನ ಮೂಲೇಲಿ ಸಣ್ಣ ಗೆರೆ ಬಂದಿದೆ. ಗೀರಾ, ಬಿರುಕಾ ಹೇಗೆ ಗೊತ್ತಾಗುತ್ತೆ?

ಗ್ಯಾರೇಜ್ ಉಡುಪಿ: ಜಯನಗರದವರೇ, ಇಪ್ಪತ್ತರಲ್ಲಿ ಬ್ರೇಕ್ ಹಾಕಿದರೂ ಮಗುವಿನ ಎದೆ ಹೋಗಿ ಗಾಜಿನ ಅಂಚಿಗೇ ಬಡಿಯುವುದು. ನಿಲ್ಲಿಸಬೇಡಿ. ಈ ವಿಷಯ ಇಲ್ಲಿಗೆ ಸಾಕು.

ಕೆಎ 14 ತೀರ್ಥಹಳ್ಳಿ: ಸರ್, ನಮ್ಮದು ಮಳೆಗೆ ಸೋರಲ್ಲ. ವಾಟರ್ ವಾಶ್ ಮಾಡಿಸಿದಾಗ ಮಾತ್ರ. ಜೋರು ಓಡಿಸಿದ್ರೆ ಗಾಳಿ ಶಬ್ದ ಕೂಡ ಇದೆ. ಹೋದ ವರ್ಷ ಗಾಜು ಬಿಚ್ಚಿ ಹಾಕಿಸಿದ್ವಿ.

ಗ್ಯಾರೇಜ್ ಉಡುಪಿ: ಗಾಜು ಸಮ ಕೂತಿಲ್ಲ. ಮುಂದಿನ ಅಂಚು ಮಾಡಿಗಿಂತ ಕೂದಲೆಳೆ ತಗ್ಗು, ಹಿಂದಿನ ಅಂಚು ಕೂದಲೆಳೆ ಎತ್ತರ ಇರಬೇಕು. ಪಕ್ಕದ ಸ್ಕ್ರೂ ಸಡಿಲಿಸಿ ಹೊಂದಿಸ್ತಾರೆ. ವಾಶಿನವನಿಗೆ ಗನ್ನನ್ನು ಬೀಡಿಂಗಿಗೆ ನೇರ ಹಿಡಿಯಬೇಡ ಅಂತ ಹೇಳಿ.

ಕೆಎ 20 ಕುಂದಾಪ್ರ: ಬೀಡಿಂಗ್ ರೇಟ್ ಕೇಳಿದ್ದೆ. ಇನ್ಶೂರೆನ್ಸ್ ಸಿಕ್ಕುತ್ತಾ?

ಗ್ಯಾರೇಜ್ ಉಡುಪಿ: ಹಳತಾಗಿ ಸವೆದದ್ದಕ್ಕೆ ಸಿಗುವುದಿಲ್ಲ.

ಕೆಎ 20 ಕುಂದಾಪ್ರ: ರೇಟ್?

ಕೆಎ 09 ಮೈಸೂರು: ಇದೊಂದು ನೋಡಿ ಸಾರ್, ಈಗ ತಾನೇ ಬಂತು. ಕಾರ್ಪೆಟ್ ವಾಸನೆಗೆ ಅಡುಗೆ ಸೋಡಾ, ಕರ್ಪೂರ, ಕಾಫಿಪುಡಿ ಸೀಟ್ ಕೆಳಗೆ ಇಟ್ರೆ ಒಂದೇ ರಾತ್ರೀಲಿ...

ಗ್ಯಾರೇಜ್ ಉಡುಪಿ: ನೀರು ಕೆಳಗೆ ನಿಂತಿರುವಾಗ ಕರ್ಪೂರ ಇಟ್ಟು ಎಂಥ ಮಾಡ್ತೀರಿ, ಮಂಗಳಾರತಿಯಾ? ಅಡ್ಮಿನ್ ಬೇಡ ಅಂದದ್ದು ಇದನ್ನೇ. ಕಾರ್ಪೆಟ್ ಅಡಿಯಲ್ಲಿ ದಪ್ಪ ಫೋಮ್ ಉಂಟು. ಮೇಲೆ ಒಣಗಿದ ಹಾಗೆ ಕಂಡರೂ ಒತ್ತಿದರೆ ನೀರು ಬರ್ತದೆ. ಸೀಟ್ ಬಿಚ್ಚಿ ಕಾರ್ಪೆಟ್ ಎತ್ತಿ ಫ್ಯಾನ್ ಹಾಕಬೇಕು, ಇಲ್ಲದಿದ್ದರೆ ಫ್ಲೋರ್ ತುಕ್ಕು. ಸೀಟಿನ ವಯರ್ ತೆಗೆದಿರುವಾಗ ಕೀ ಆನ್ ಮಾಡಬೇಡಿ, ಏರ್‌ಬ್ಯಾಗ್ ಲೈಟ್ ಬಂದು ಕೂತ್ಕೊಳ್ತದೆ.

ಕೆಎ 09 ಮೈಸೂರು: ಒಳ್ಳೇದಕ್ಕೆ ಹಾಕಿದ್ದು ಸಾರ್. ಇಷ್ಟು ಕೋಪ ಬೇಡ. ನನ್ನ ಗಾಜಿನ ಪ್ರಶ್ನೆಗೆ ಉತ್ತರನೇ ಬಂದಿಲ್ಲ.

ಕೆಎ 25 ಧಾರವಾಡ: ಮ್ಯಾಲೆ ಕೊಬ್ಬರಿ ಎಣ್ಣಿ ಹಚ್ಚ್ರಿ.

ಅಡ್ಮಿನ್: ಧಾರವಾಡ, ಜಯನಗರ, ಇಬ್ಬರ ಕಾಮೆಂಟೂ ನೋಡ್ತಾ ಇದ್ದೀನಿ. ಇನ್ನೊಂದು ಬಂದ್ರೆ ತೆಗೀತೀನಿ.

ಕೆಎ 05 ಜಯನಗರ: ನಾನೇನು ಮಾಡಿದೆ ಈಗ?

ಕೆಎ 46 ಸಕಲೇಶಪುರ: (ಮರುದಿನ) ಅಣ್ಣ, ಹಾಸನದಲ್ಲಿ ತೋರಿಸಿದೆ. ಒಂದು ಲೀಟರ್ ಸುರಿದ್ರೆ ಬೇಸಿನ್ನಿಗೆ ಬಂದಿದ್ದು ಅರ್ಧಕ್ಕಿಂತ ಕಡಿಮೆ. ಎಡ ಪೈಪ್ ಮೂತಿಯಿಂದ ಜಾರಿತ್ತು. ಸೀಟ್ ಕೆಳಗಿನ ಕನೆಕ್ಟರ್ ಒಳಗೆ ಹಸಿರು ಹಿಡಿದಿದೆ. ಲೈಟ್ ಅಳಿಸಿ ಇವತ್ತೇ ಕೊಡ್ತೀವಿ, ಓಡಿಸಿ ನೋಡಿ ಅಂತಿದ್ದಾರೆ.

ಗ್ಯಾರೇಜ್ ಉಡುಪಿ: ಇವತ್ತೇ ತರಬೇಡಿ. ಹಸಿರು ಹಿಡಿದ ಪಿನ್ ಬದಲಿಸಲಿ, ಅಳಿಸಿದರೆ ನಾಲ್ಕು ದಿನದಲ್ಲಿ ಪುನಃ ಬರ್ತದೆ. ಪೈಪಿಗೆ ಹೊಸ ರಬ್ಬರ್, ಕ್ಲಿಪ್ ಹಾಕಲಿ. ಅದೇ ಗಾಳಿ ಬಲಗಡೆಗೂ ಹೊಡೆದಿದ್ದಾರಲ್ಲ, ಅಲ್ಲಿಗೂ ಹಿಂದಿನ ಎರಡಕ್ಕೂ ಒಂದೊಂದು ಲೀಟರ್ ಸುರಿದು ಅಳೆಯಲಿಕ್ಕೆ ಹೇಳಿ. ಕಾರ್ಪೆಟ್ ಎತ್ತಿದ್ದಾರಾ?

ಕೆಎ 46 ಸಕಲೇಶಪುರ: ಇಲ್ಲ. ಬಿಸಿಲಿಗೆ ಬಾಗಿಲು ತೆಗೆದು ಇಟ್ಟಿದ್ದಾರೆ.

ಗ್ಯಾರೇಜ್ ಉಡುಪಿ: ಈ ಮಳೆಗಾಲದಲ್ಲಿ ಹಾಸನದಲ್ಲಿ ಎಂಥ ಬಿಸಿಲು ಮಾರಾಯ್ರೆ. ಸೀಟ್ ಬಿಚ್ಚಿಸಿ.